ಸೀಟಿನ ಕೆಳಗಿನ ಸ್ವಿಚ್ಚು

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಬರುವಾಗ ಹೆದ್ದಾರಿಗೆ ಹತ್ತಿಕೊಂಡು ನಮ್ಮದೊಂದು ಮದುವೆ ಲಾನ್ ಇತ್ತು. ಈಗಲೂ ಇದೆ, ಆದರೆ ಈಗ ಅದನ್ನು ನಮ್ಮದು ಅನ್ನಲು ನನಗೆ ಬಾಯಿ ಬರುವುದಿಲ್ಲ. ಒಂದು ಬದಿಗೆ ಸಿಮೆಂಟಿನ ವೇದಿಕೆ, ಹಿಂದೆ ಅಡುಗೆಗೆ ತಗಡಿನ ಶೆಡ್ಡು, ಹೆಣ್ಣಿನವರಿಗೊಂದು ಗಂಡಿನವರಿಗೊಂದು ಕೋಣೆ, ನಡುವೆ ಅಷ್ಟಗಲ ಹುಲ್ಲು. ಮೊದಲು ಅದು ಬರೀ ಕಲ್ಲು ಹೊಲ. ನನ್ನ ಗಂಡನ ಊರು ಮುಡಬಿ. ಅಣ್ಣತಮ್ಮಂದಿರು ಪಾಲಾದಾಗ ಊರ ಹೊಲವನ್ನೆಲ್ಲ ತಮ್ಮನಿಗೆ ಬಿಟ್ಟು, ಯಾರಿಗೂ ಬೇಡವಾಗಿದ್ದ ಈ ರಸ್ತೆ ಬದಿಯ ತುಂಡನ್ನು ಇವರು ಕೇಳಿ ಪಡೆದರು.

"ಇನ್ನ ಮುಂದ ಜನ ಮನಿ ಮುಂದ ಲಗ್ನ ಮಾಡೂದಿಲ್ಲ, ರೋಡಿನ ಮ್ಯಾಲ ಮಾಡ್ತಾರ," ಎಂದಿದ್ದರು. ಹಾಗೆಯೇ ಆಯಿತು.

ನಮಗೆ ಮಕ್ಕಳಾಗಲಿಲ್ಲ. ಅದಕ್ಕೆ ಅಳುವುದನ್ನು ನಾವು ಅಷ್ಟರೊಳಗೆ ಮುಗಿಸಿದ್ದೆವು. ಶೆಡ್ಡಿನ ಹಿಂದೆ ಎರಡು ಕೋಣೆ ಕಟ್ಟಿಕೊಂಡು ಅಲ್ಲೇ ಉಳಿದೆವು. ಕಲ್ಲು ಆರಿಸಿದ್ದು, ಕೆರೆಯ ಮಣ್ಣು ಹೊಡೆಸಿದ್ದು, ಹುಲ್ಲಿನ ಎಳೆಗಳನ್ನು ಗೇಣಿಗೊಂದರಂತೆ ಊರಿದ್ದು ಎಲ್ಲ ನಾವೇ. ಆ ಹುಲ್ಲು ಹತ್ತುವುದೇ ಇಲ್ಲ ಎಂದು ಹೋಗಿಬರುವವರು ಹೇಳುತ್ತಿದ್ದರು. ಹತ್ತಿತು. ಹತ್ತಿದ ಮೇಲೆ ಅದನ್ನು ಕತ್ತರಿಸುವ ಕಷ್ಟ ಶುರುವಾಯಿತು. ಕೈಯಲ್ಲಿ ದೂಡುವ ಯಂತ್ರದಿಂದ ಅಷ್ಟು ಬಯಲು ಕತ್ತರಿಸಿ ಮುಗಿಸುವಷ್ಟರಲ್ಲಿ ಮೊದಲು ಕತ್ತರಿಸಿದ ಕಡೆ ಮತ್ತೆ ಎದ್ದಿರುತ್ತಿತ್ತು. ಆಗ ಇವರು ಹೈದರಾಬಾದಿಗೆ ಹೋಗಿ, ಹಳೆಯ ಯಂತ್ರ ಮಾರುವವರ ಬಳಿ, ಮೇಲೆ ಕೂತು ಓಡಿಸುವ ಹುಲ್ಲಿನ ಗಾಡಿಯೊಂದನ್ನು ಕೊಂಡು ತಂದರು. ನೋಡಲು ಸಣ್ಣ ಟ್ರ್ಯಾಕ್ಟರಿನ ಹಾಗೆ. ಹೊಟ್ಟೆಯ ಕೆಳಗೆ ಬ್ಲೇಡು, ಮೇಲೆ ಒಂಟಿ ಸೀಟು. ಲಾರಿಯಿಂದ ಇಳಿಸಿದ ದಿನ ಪಕ್ಕದ ಹೊಲದವರೆಲ್ಲ ಕೆಲಸ ಬಿಟ್ಟು ನೋಡಲು ಬಂದರು. ಇವರು ಮೇಲೆ ಕೂತು, ಮೀಸೆ ತೀಡಿ, ಚಾವಿ ತಿರುಗಿಸಿದರು. ಗಾಡಿ ಸುಮ್ಮನೆ ನಿಂತಿತ್ತು. ಬಂದವರಲ್ಲಿ ಒಬ್ಬ ನಕ್ಕ.

ಆಗ ಇವರು ಮೈ ತುಂಬಿದ ಆಳು. ಮದುವೆಗಳಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುವಾಗ ಒಂದರ ಮೇಲೊಂದು ಎರಡು ಹಾಕಿಕೊಂಡೇ ಕೂರುತ್ತಿದ್ದರು.

ಆ ಗಾಡಿಯನ್ನು ಚಾಲೂ ಮಾಡಲು ನಾವಿಬ್ಬರೂ ಸೇರಿ ಪಾಡು ಪಟ್ಟ ದಿನಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಬ್ಯಾಟರಿಯ ತುದಿಗಳಿಗೆ ಹಸಿರು ಬಿಳಿಯ ಪುಡಿ ಕಟ್ಟಿತ್ತು. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ನಾನು ತಿಕ್ಕಿದೆ. ಬುಸುಬುಸು ನೊರೆ ಬಂದು ಸೀಸ ಬೆಳ್ಳಗಾಯಿತು. ಬ್ಯಾಟರಿ ಚಾರ್ಜ್ ಮಾಡಿಸಿ ತಂದ ಮೇಲೆ ಚಾವಿ ತಿರುಗಿಸಿದರೆ ಒಳಗೆಲ್ಲೋ ಟಕ್ ಎಂದು ಒಂದೇ ಸದ್ದು. ಇವರು ಕಿವಿ ಇಟ್ಟು ಕೇಳಿ, ರಿಲೇ ಎಂಬ ಸಣ್ಣ ಡಬ್ಬಿಯನ್ನು ತೋರಿಸಿದರು. ಅದರ ಎರಡು ಬೋಲ್ಟುಗಳಿಗೆ ಸ್ಕ್ರೂ ಡ್ರೈವರ್ ಅಡ್ಡ ಹಿಡಿದಾಗ ಕಿಡಿ ಹಾರಿ ಸೆಲ್ಫ್ ಮೋಟರು ಗರ್ ಎಂದಿತು.

"ಮೋಟರ್ ಬರೋಬರ್ ಅದಾ. ಕರೆಂಟ್ ಬ್ಯಾಟರಿಯಿಂದ ಹೊಂಟದ, ಇಲ್ಲಿ ತನಕಾ ಪೂರಾ ಬರಾಕತ್ತಿಲ್ಲ. ನಡಬರಕ ಎಲ್ಲೋ ನಿಂತದ. ಎಲ್ಲಿ ನಿಂತದ ಅಂತ ಹುಡುಕೂದು, ಅಷ್ಟ."

ಒಂದು ಬಲ್ಬಿಗೆ ಎರಡು ವೈರು ಕಟ್ಟಿಕೊಂಡು ಅವರು ಹುಡುಕಿದರು. ನಾನು ಸೀಟಿನ ಮೇಲೆ ಕೂತು ಬ್ರೇಕು ತುಳಿದು ಚಾವಿ ಹಿಡಿದಿದ್ದೆ. ಈ ಗಾಡಿಗೆ ಮೂರು ಷರತ್ತು ಇದ್ದವು. ಬ್ರೇಕು ತುಳಿದಿರಬೇಕು, ಬ್ಲೇಡು ಬಂದಾಗಿರಬೇಕು, ಸೀಟಿನ ಮೇಲೆ ಮನುಷ್ಯ ಇರಬೇಕು. ಸೀಟಿನ ಕೆಳಗೆ ಸ್ಪ್ರಿಂಗು, ಸ್ಪ್ರಿಂಗಿನ ನಡುವೆ ಸಣ್ಣ ಸ್ವಿಚ್ಚು. ಕೂತವರ ಭಾರಕ್ಕೆ ಸೀಟು ಕೆಳಗಿಳಿದು ಅದು ಒತ್ತಿದರೆ ಮಾತ್ರ ಕರೆಂಟು ಮುಂದಕ್ಕೆ ಹೋಗುತ್ತದೆ, ಎದ್ದರೆ ಗಾಡಿ ನಿಲ್ಲುತ್ತದೆ.

ಕೊನೆಗೆ ತಪ್ಪು ಸಿಕ್ಕಿದ್ದು ಇದ್ಯಾವುದರಲ್ಲೂ ಅಲ್ಲ. ಆ ರಿಲೇಯಿಂದ ಗಾಡಿಯ ಮೈಗೆ ಹೋಗುವ ಅರ್ತ್ ವೈರಿನ ಬೋಲ್ಟಿನ ಅಡಿಯಲ್ಲಿ ತುಕ್ಕು ಹಿಡಿದಿತ್ತು. ಉಸುಕಿನ ಕಾಗದದಿಂದ ತಿಕ್ಕಿ ಬಿಗಿದದ್ದೇ ಗಾಡಿ ಎದ್ದುಬಿಟ್ಟಿತು. ನಾನು ಅದರ ಮೇಲೇ ಕೂತಿದ್ದೆ. ಹೆದರಿ ಚೀರಿದೆ. ಇವರು ಕೈಯೆಲ್ಲ ಮಸಿ ಮಾಡಿಕೊಂಡು ನೆಲದ ಮೇಲೆ ಕೂತು ನಕ್ಕರು.

ಒಂದೆರಡು ಹಂಗಾಮು ಗಾಡಿ ಚೆನ್ನಾಗಿ ಓಡಿತು.

ಆಮೇಲಿನ ಮಳೆಗಾಲ ಕಳೆದು ತುಳಸಿ ಲಗ್ನ ಹತ್ತಿರ ಬರುವಾಗ ಮತ್ತೆ ತಕರಾರು ಹೂಡಿತು. ಇವರು ಚಾವಿ ತಿರುಗಿಸಿದರೆ ಟಕ್ ಎನ್ನುವ ಸದ್ದೂ ಇಲ್ಲ. ಬ್ಯಾಟರಿ ನೋಡಿದರು, ತುಂಬಿತ್ತು. ಅರ್ತ್ ಬೋಲ್ಟು ಹೊಳೆಯುತ್ತಿತ್ತು. ಫ್ಯೂಸ್ ತೆಗೆದು ಬೆಳಕಿಗೆ ಹಿಡಿದರು, ತಂತಿ ಹರಿದಿರಲಿಲ್ಲ.

"ಏ, ಬಾ ಇಲ್ಲಿ. ಜರಾ ಮ್ಯಾಲ ಕುಂದ್ರು," ಎಂದು ನನ್ನನ್ನು ಕರೆದರು.

ನಾನು ಕೂತು ಚಾವಿ ತಿರುಗಿಸಿದೆ. ಗಾಡಿ ಚಾಲೂ ಆಯಿತು.

"ಏನ್ ಮಾಡಿದ್ರಿ?"

"ನಾ ಏನೂ ಮಾಡಿಲ್ಲ. ಇನ್ನಾ ವೈರ್ ಮುಟ್ಟಿಲ್ಲ," ಎಂದರು.

ನಾನು ಇಳಿದು ಅವರು ಕೂತರು. ಮತ್ತೆ ಸದ್ದಿಲ್ಲ. ಮುಂದಕ್ಕೆ ಜಗ್ಗಿ ನೋಡಿದರು, ಹಿಂದಕ್ಕೆ ಒರಗಿ ನೋಡಿದರು. ಒಮ್ಮೆ ಹೇಗೋ ಎದ್ದಿತು, ಹತ್ತು ಮಾರು ಹೋಗಿ ನಿಂತಿತು. ಆ ವಾರವೆಲ್ಲ ಇದೇ ಆಟ. ನಾನು ಕೂತಾಗ ತಪ್ಪು ಇರುವುದಿಲ್ಲ, ಇಲ್ಲದ ತಪ್ಪನ್ನು ಹುಡುಕುವುದು ಹೇಗೆ? ಬಲ್ಬು ಎಲ್ಲ ಕಡೆಯೂ ಹತ್ತುತ್ತಿತ್ತು. ಇವರು ಚಾವಿಯ ಸ್ವಿಚ್ಚನ್ನೇ ಬದಲಿಸಿದರು. ಬ್ರೇಕಿನ ಸ್ವಿಚ್ಚು ಬಿಚ್ಚಿ ತೊಳೆದರು. ಇಲಿ ಕಡಿದಿರಬಹುದೆಂದು ವೈರಿನ ಮೇಲಿನ ಟೇಪನ್ನು ಉದ್ದಕ್ಕೂ ಸುಲಿದು ಮತ್ತೆ ಸುತ್ತಿದರು.

ಒಂದು ದಿನ ನಾನು ಚಾಲೂ ಮಾಡಿ ತೋರಿಸಿ ಇಳಿದ ಮೇಲೆ, "ನಿನ್ನ ಮಾತು ಕೇಳ್ತದ, ನಂದು ಕೇಳಂಗಿಲ್ಲ. ಇಟ್ಕೋ ನೀನಽ," ಎಂದು ಚಾವಿಯನ್ನು ನನ್ನ ಕಡೆ ಎಸೆದು ನಡೆದುಬಿಟ್ಟರು. ಅವರು ಎಂದೂ ವಸ್ತು ಎಸೆಯುವವರಲ್ಲ. ಚಾವಿ ಹುಲ್ಲಿನಲ್ಲಿ ಬಿತ್ತು, ಹುಡುಕಿ ತೆಗೆದುಕೊಂಡೆ.

ಹುಮನಾಬಾದಿನಿಂದ ಮಿಸ್ತ್ರಿಯನ್ನು ಕರೆಸಿದೆವು. ಲಾರಿಗಳ ವೈರಿಂಗ್ ಮಾಡುವವನು, ಇವರ ಹಳೆಯ ಪರಿಚಯ, ಭಾರೀ ಹೊಟ್ಟೆಯವನು. ಬಂದವನೇ ಸೀಟಿನ ಮೇಲೆ ಕುಸಿದು ಕೂತ, ಚಾವಿ ತಿರುಗಿಸಿದ, ಗಾಡಿ ಎದ್ದಿತು.

"ಮಾಲಕ್ರೇ, ಇದರಾಗ ಏನೂ ಖರಾಬ್ ಇಲ್ರಿ."

"ನಾ ಕುಂತ್ರ ಆಗಂಗಿಲ್ಲಪಾ."

"ನೀವು ಚಾವಿ ಬರೋಬರ್ ತಿರವಂಗಿಲ್ಲೇನೋ," ಎಂದು ಅವನು ನಕ್ಕ. ಆಮೇಲೆ ಇವರ ಮುಖ ನೋಡಿ ನಗು ನಿಲ್ಲಿಸಿದ. "ತಬ್ಯತ್ ಹ್ಯಾಂಗದರೀ ಮಾಲಕ್ರೇ? ಜರಾ ಸೊರಗೀರಿ."

"ಬಿಸಲಾಗ ತಿರಗಾಡಿ," ಎಂದರು ಇವರು.

ಹೋಗುವಾಗ ಮಿಸ್ತ್ರಿ ಒಂದು ಮಾತು ಹೇಳಿದ. ಇಂಥ ಗಾಡಿಗಳಲ್ಲಿ ಸೀಟಿನ ಸ್ವಿಚ್ಚೇ ಆಗಾಗ ಕಾಡುವುದು, ಅದರ ಎರಡು ವೈರುಗಳನ್ನು ಕಿತ್ತು ಒಂದಕ್ಕೊಂದು ಜೋಡಿಸಿದರೆ ಪೀಡೆ ಹೋಗುತ್ತದೆ, ಬೇಕಿದ್ದರೆ ಈಗಲೇ ಮಾಡಿಕೊಡುತ್ತೇನೆ ಎಂದ.

ಇವರು ಒಪ್ಪಲಿಲ್ಲ. "ಬ್ಯಾಡ. ಅದು ಬಿದ್ದಾಂವನ ಜೀವ ಉಳಸಾಕ ಇಟ್ಟಿದ್ದು. ಮನಷಾ ಕೆಳಗ ಬಿದ್ರ ಬ್ಲೇಡ್ ನಿಂದ್ರಬೇಕು."

ಸೊರಗಿದ್ದು ನನಗೆ ಗೊತ್ತಿರಲಿಲ್ಲ ಎಂದು ಹೇಗೆ ಹೇಳಲಿ? ಅವರ ಪ್ಯಾಂಟುಗಳ ಸೊಂಟವನ್ನು ಒಳಗೆ ಹಿಡಿದು ಹೊಲಿದುಕೊಟ್ಟವಳು ನಾನೇ. ಬೆಲ್ಟಿಗೆ ಮೊಳೆ ಕಾಸಿ ಹೊಸ ತೂತು ಹಾಕಿದ್ದು ನೋಡಿದ್ದೆ. ರೊಟ್ಟಿ ಅರ್ಧಕ್ಕೇ ಬಿಡುತ್ತಿದ್ದರು. ಹೊಟ್ಟೆ ಉರಿ ಎಂದು ಮೆಡಿಕಲ್ ಅಂಗಡಿಯಿಂದ ಗುಲಾಬಿ ಬಣ್ಣದ ಔಷಧ ತಂದು ಬಾಟಲಿಗೇ ಬಾಯಿ ಹಚ್ಚಿ ಕುಡಿಯುತ್ತಿದ್ದರು. ದವಾಖಾನೆಗೆ ಹೋಗೋಣ ಎಂದರೆ, "ಲಗ್ನದ ಸೀಜನ್ ಮುಗೀಲಿ," ಎನ್ನುವರು. ದಿನಾ ಕಣ್ಣೆದುರು ಇರುವ ಮನುಷ್ಯ ಕರಗುವುದು ಒಮ್ಮೆಲೇ ಕಾಣುವುದಿಲ್ಲ. ವಯಸ್ಸಾಯಿತು, ಇನ್ನು ಮೈ ಇಳಿಯುವುದೇ ಅಂದುಕೊಂಡೆ. ಸ್ವಲ್ಪ ಇಳಿದದ್ದು ಒಳ್ಳೆಯದೇ ಎಂದು ಕೂಡ ಒಂದು ಸಲ ಅಂದಿದ್ದೆ.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಗಾಡಿಯ ಸದ್ದು ಕೇಳಿ ಹೊರಗೆ ಬಂದೆ. ಇವರು ಮೇಲೆ ಕೂತು ಹುಲ್ಲು ಕತ್ತರಿಸುತ್ತಿದ್ದರು. ಸೀಟಿನ ಮೇಲೆ ನನ್ನ ಹಳೆಯ ಕೌದಿ ಮಡಿಸಿ ಹಾಕಿಕೊಂಡಿದ್ದರು.

"ಆತೇನ್ರಿ ರಿಪೇರಿ?" ಎಂದು ಕೂಗಿದೆ.

"ಆತು."

"ಎಲ್ಲಿ ಇತ್ತು?"

ಗಾಡಿಯ ಸದ್ದಿನಲ್ಲಿ ಕೇಳಿಸಲಿಲ್ಲ ಎಂಬಂತೆ ಕೈ ಅಲ್ಲಾಡಿಸಿ ಮುಂದೆ ಹೋದರು. ನನಗೆ ಖುಷಿಯೇ ಆಯಿತು. ಮೇಲಿಂದ ಮೇಲೆ ಮದುವೆಗಳಿದ್ದವು, ಹುಲ್ಲು ಒಪ್ಪವಾಗಿ ಕಾಣಬೇಕಿತ್ತು. ಆಮೇಲೆ ನಾನು ಕೇಳಲೂ ಇಲ್ಲ.

ಚಳಿ ಕಡಿಮೆಯಾಗುತ್ತಿದ್ದ ದಿನಗಳು. ಮರುದಿನ ಒಂದು ಮದುವೆ. ನಾನು ನೀರಿನ ಟಾಕಿಯ ಹತ್ತಿರ ದೊಡ್ಡ ಪಾತ್ರೆಗಳನ್ನು ತೊಳೆಯುತ್ತಿದ್ದೆ. ಗಾಡಿ ಬಯಲಿನ ಆ ತುದಿಗೆ ಹೋಗಿ ತಿರುಗುವಾಗ ಅದರ ಸದ್ದು ಸ್ವಲ್ಪ ಇಳಿದು ಏರುತ್ತದೆ. ಆ ಸಲ ಇಳಿಯಲಿಲ್ಲ. ತಲೆ ಎತ್ತಿ ನೋಡಿದೆ. ಗಾಡಿ ಒಂದೇ ಸಮನೆ ಹೋಗುತ್ತಿತ್ತು, ಮೇಲೆ ಯಾರೂ ಇರಲಿಲ್ಲ.

ಅದು ಗೇರು ಹಾಕಿ ಬ್ರೇಕು ಬಿಟ್ಟರೆ ತಾನೇ ಸಾಗುವ ಗಾಡಿ. ಪೆಂಡಾಲಿಗೆ ಬಿಗಿದ ಹಗ್ಗವನ್ನು ಹರಿದುಕೊಂಡು, ಬೇಲಿಯ ಬದಿಯ ಕಣಗಿಲೆ ಗಿಡಗಳೊಳಗೆ ನುಗ್ಗಿ ಸಿಕ್ಕಿಕೊಂಡಿತು. ಚಕ್ರಗಳು ಅಲ್ಲೇ ತಿರುಗಿ ಮಣ್ಣು ಕೆರೆಯುತ್ತಿದ್ದವು, ಬ್ಲೇಡು ಕಲ್ಲಿಗೆ ಬಡಿಯುತ್ತಿತ್ತು. ಇವರು ಬಯಲಿನ ನಡುವೆ ಮಗ್ಗುಲಾಗಿ ಬಿದ್ದಿದ್ದರು. ನಾನು ಕೈಯಲ್ಲಿದ್ದುದನ್ನು ಬಿಟ್ಟು ಓಡಿದೆ. ಅವರಿಗೆ ಎಚ್ಚರ ಇತ್ತು. ಮುಖ ಹಿಟ್ಟಿನ ಹಾಗೆ ಬಿಳಚಿತ್ತು.

"ಮದಲ ಅದನ್ನ ಬಂದ್ ಮಾಡು," ಎಂದರು.

ಕಣಗಿಲೆಯೊಳಗೆ ಕೈ ತೂರಿಸಿ ಚಾವಿ ತಿರುಗಿಸಿದೆ. ಸದ್ದು ನಿಂತ ಮೇಲೆ ಹೆದ್ದಾರಿಯ ಲಾರಿಗಳ ಸದ್ದು ಕೇಳಿಸಿತು. ಮನುಷ್ಯ ಬಿದ್ದರೆ ನಿಲ್ಲಬೇಕಾದ ಗಾಡಿ ಯಾಕೆ ನಿಲ್ಲಲಿಲ್ಲ ಎಂದು ಆಗ ಹೊಳೆಯಿತು. ಕೌದಿ ಎತ್ತಿದೆ. ಸೀಟನ್ನು ಕೆಳಕ್ಕೆ ಜಗ್ಗಿ ಬೈಂಡಿಂಗ್ ವೈರಿನಿಂದ ಗಾಡಿಯ ಚೌಕಟ್ಟಿಗೆ ಸುತ್ತು ಸುತ್ತಾಗಿ ಬಿಗಿದಿತ್ತು. ಸ್ಪ್ರಿಂಗು ಪೂರಾ ಅದುಮಿಕೊಂಡಿತ್ತು. ಯಾರು ಕೂತರೂ ಕೂರದಿದ್ದರೂ ಸ್ವಿಚ್ಚು ಒತ್ತಿಯೇ ಇರುವ ಹಾಗೆ.

ಅವರನ್ನು ಎಬ್ಬಿಸಿ ಬೇವಿನ ಮರದ ನೆರಳಿಗೆ ಕರೆತಂದೆ. ತೋಳು ಹಿಡಿದಾಗ ನನ್ನ ಬೆರಳುಗಳು ಸುತ್ತಿ ಬಂದವು. ನೀರು ಕುಡಿಸಿದೆ.

"ಸೀಟಿಗೆ ಯಾವಾಗ ಕಟ್ಟೀರಿ ಆ ವೈರು?"

"ಹಬ್ಬಾ ಆದ ಮ್ಯಾಲ."

"ಯಾಕ?"

ಹುಲ್ಲನ್ನು ನೋಡುತ್ತ ಕೂತಿದ್ದರು. ಆಮೇಲೆ ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದರು: "ನಾ ಕುಂತ್ರ ಅದಕ್ಕ ಗೊತ್ತಽ ಆಗಂಗಿಲ್ಲ. ನೀ ಕುಂತ್ರ ಗೊತ್ತಾಗ್ತದ, ಮಿಸ್ತ್ರಿ ಕುಂತ್ರ ಗೊತ್ತಾಗ್ತದ. ಒಂದಿನ ನೀ ಬಜಾರಕ್ಕ ಹೋದಾಗ ಸಿಮೆಂಟಿನ ಚೀಲ ಇಟ್ಟು ನೋಡಿದೆ. ಚೀಲಕ್ಕೂ ಚಾಲೂ ಆತು."

"ಅವತ್ತಽ ನನಗ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ದವಾಖಾನಿಗೆ ಕರಕೊಂಡು ಹೋಗ್ತಿದ್ದಿ."

ನಾನು ಅಳಲಿಲ್ಲ. ಬೈಯಲೂ ಇಲ್ಲ. ಇಕ್ಕಳ ತಂದು ಆ ವೈರನ್ನು ಕತ್ತರಿಸಿ ತೆಗೆದೆ. ಸೀಟು ಟಕ್ಕೆಂದು ಮೇಲೆದ್ದಿತು. ಇವರು ಅಲ್ಲಿಂದಲೇ ನೋಡುತ್ತಿದ್ದರು, ಬೇಡ ಅನ್ನಲಿಲ್ಲ.

ಮರುದಿನದ ಮದುವೆ ನಿಲ್ಲಿಸಲಾಗುತ್ತದೆಯೇ? ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈ ಮುಗಿದರು. ಊಟದ ಸಾಲಿನಲ್ಲಿ ಓಡಾಡಿ, ಇನ್ನಷ್ಟು ಹುಗ್ಗಿ ಹಾಕಿ ಎಂದು ಬಡಿಸುವವರನ್ನು ಗದರಿದರು. ತಾವು ಏನೂ ತಿನ್ನಲಿಲ್ಲ. ಅದರ ಮರುದಿನ ಬಸವಕಲ್ಯಾಣದ ಡಾಕ್ಟರ ಬಳಿ ಹೋದೆವು. ಅವರು ಹೊಟ್ಟೆ ಒತ್ತಿ ನೋಡಿ, ಬೀದರಿಗೆ ಬರೆದುಕೊಟ್ಟರು. ಬೀದರಿನಲ್ಲಿ ಸ್ಕ್ಯಾನ್ ಮಾಡಿ ಸೊಲ್ಲಾಪುರಕ್ಕೆ ಹೋಗಿ ಎಂದರು. ಮುಡಬಿಯಿಂದ ಮೈದುನ ಬಂದ. ನಮ್ಮೊಡನೆ ಅವನೇ ಓಡಾಡಿದ. ಸೊಲ್ಲಾಪುರದಲ್ಲಿ ಆಪರೇಶನ್ ಆದ ಮೇಲೆ ದೊಡ್ಡ ಡಾಕ್ಟರು ಅವನನ್ನು ಒಳಗೆ ಕರೆದು ಮರಾಠಿಯಲ್ಲಿ ಮಾತಾಡಿದರು. ಅವನು ಹೊರಗೆ ಬಂದು ನನ್ನ ಮುಂದೆ ನಿಂತು, ಗೋಡೆ ನೋಡುತ್ತ ಹೇಳಿದ.

"ವೈನಿ, ಹೊಟ್ಟಿ ಕೊಯ್ದು ನೋಡಿದ್ರಂತ. ಎಲ್ಲಾ ಕಡಿ ಹಬ್ಬೇದಂತ. ಹಂಗಽ ಹೊಲದು ಬಿಟ್ಟಾರ."

ಮನೆಗೆ ಕರೆದುಕೊಂಡು ಬಂದೆವು. ಕೋಣೆಯಲ್ಲಿ ಮಲಗಲು ಅವರು ಒಪ್ಪಲಿಲ್ಲ. ದಿನಾ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ವಿಭೂತಿ ಧರಿಸಿ ಬೇವಿನ ಕೆಳಗೆ ಕುರ್ಚಿ ಹಾಕಿಸಿಕೊಳ್ಳುವರು. ಒಂದೇ ಕುರ್ಚಿ ಸಾಕಾಗುತ್ತಿತ್ತು. ಹುಲ್ಲು ಬೆಳೆದಿತ್ತು, ಬೇಸಿಗೆಯ ಮದುವೆಗಳು ನಿಗದಿಯಾಗಿದ್ದವು. ಬೇರೆಯವರನ್ನು ಇಡೋಣ ಎಂದು ಮೈದುನ ಹೇಳಿದ. ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿ ಏರಿದೆ. ಚಾವಿ ತಿರುಗಿಸಿದರೆ ಮೊದಲ ಸಲಕ್ಕೇ ಎದ್ದಿತು. ಅದು ಹಾಗೆ ಎದ್ದದ್ದಕ್ಕೆ ನನಗೆ ಎಷ್ಟು ಸಂಕಟವಾಯಿತು ಎಂದು ಈಗಲೂ ಸರಿಯಾಗಿ ಹೇಳಲು ಬರುವುದಿಲ್ಲ. ಅವರ ಮುಖ ನೋಡದೆ ಮುಂದೆ ಹೋದೆ.

ಅವರು ಕೂತಲ್ಲಿಂದಲೇ ಕೈ ಮಾಡಿ ಹೇಳುತ್ತಿದ್ದರು. ಎಡಕ್ಕೆ, ಇನ್ನೂ ಎಡಕ್ಕೆ, ಅಲ್ಲೊಂದು ಪಟ್ಟಿ ಬಿಟ್ಟೀಯ. ನನ್ನ ಸಾಲುಗಳು ವಕ್ರವಾಗಿರುತ್ತಿದ್ದವು. ಮೊದಮೊದಲು ತಿದ್ದುತ್ತಿದ್ದರು. ಬರಬರುತ್ತ ಕೈ ಎತ್ತುವುದು ಕಡಿಮೆಯಾಯಿತು. ಆಮೇಲೆ ನೋಡುತ್ತಿದ್ದರಷ್ಟೆ, ಕಣ್ಣು ಮಾತ್ರ ಗಾಡಿಯ ಜೊತೆ ಹೋಗಿ ಬರುತ್ತಿತ್ತು. ಹೆಂಗಸು ಗಾಡಿ ಓಡಿಸುವುದನ್ನು ನೋಡಲು ಹೆದ್ದಾರಿಯಲ್ಲಿ ಬೈಕ್ ನಿಲ್ಲಿಸುವವರಿದ್ದರು. ಕೆಲವರು ಫೋನ್ ಹಿಡಿದು ಚಿತ್ರ ತೆಗೆದುಕೊಳ್ಳುತ್ತಿದ್ದರು. ಒಂದು ಸಲ ಇವರು ಏಳಲಾಗದ ಮೈಯಲ್ಲಿ ಎದ್ದು ಬೇಲಿಯ ತನಕ ಹೋಗಿ ಅಂಥವರನ್ನು ಬೈದು ಬಂದರು. ಬಂದು ಅರ್ಧ ದಿನ ಮಲಗಿದರು.

ಒಂದು ಸಂಜೆ ಅವರ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ.

"ನನ್ನ ಇಲ್ಲಿ ಇಡಬ್ಯಾಡ್ರಿ," ಎಂದರು.

ಏನು ಹೇಳುತ್ತಿದ್ದಾರೆ ಎಂದು ಗೊತ್ತಾಗಿಯೂ ಎಣ್ಣೆ ಹಚ್ಚುತ್ತಲೇ ಇದ್ದೆ. ನಮ್ಮಲ್ಲಿ ಹೋದವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವ ರೂಢಿ. ಬೇವಿನ ಮರದ ಹಿಂದೆ, ಬೇಲಿಗೆ ಹತ್ತಿ, ಒಂದಿಷ್ಟು ಜಾಗ ಇತ್ತು. ಅದು ನನ್ನ ಮನಸ್ಸಿನಲ್ಲೂ ಇತ್ತು.

"ಇಲ್ಲಿ ನನ್ನ ಸಮಾಧಿ ಆದ್ರ ಯಾರು ಲಗ್ನಕ್ಕ ಬರ್ತಾರ? ಮುಡಬ್ಯಾಗ ಅಪ್ಪನ ಮಗ್ಗಲದಾಗ ಮಾಡ್ರಿ. ತಮ್ಮಗ ಹೇಳೀನಿ."

"ಲಗ್ನ ಹಾಳಾಗಿ ಹೋಗ್ಲಿ," ಎಂದೆ.

"ಹಂಗ ಅನಬ್ಯಾಡ. ನೀ ಉಣ್ಣಬೇಕಲ್ಲ," ಎಂದು ಕಾಲು ಎಳೆದುಕೊಂಡರು. ಆ ಹೊಲದಲ್ಲಿ ಕಲ್ಲು ಆರಿಸಿದ ಮನುಷ್ಯನಿಗೆ ಅದೇ ಹೊಲದಲ್ಲಿ ಆರಡಿ ಜಾಗ ಇಲ್ಲ. ಅದನ್ನು ಅವರೇ ತಮಗೆ ತಾವೇ ಇಲ್ಲವೆಂದುಕೊಂಡರು. ಈ ಸಿಟ್ಟು ಇಂದಿಗೂ ನನಗೆ ಇಳಿದಿಲ್ಲ. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಅವರು ಹೋದದ್ದು ಒಂದು ಮದುವೆಯ ದಿನ ಬೆಳಿಗ್ಗೆ. ಹೆಣ್ಣಿನವರು ದುಬಲಗುಂಡಿಯವರು, ಹಿಂದಿನ ದಿನವೇ ಬಂದು ಕೋಣೆಯಲ್ಲಿ ಇಳಿದಿದ್ದರು. ಅಡುಗೆಯವರು ಒಲೆ ಹಚ್ಚಿದ್ದರು. ನಾನು ಚಹಾ ಹಿಡಿದು ಒಳಗೆ ಹೋದಾಗ ಇವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಮುಟ್ಟಿದೆ. ಚಹಾವನ್ನು ಕೆಳಗಿಟ್ಟು ಪಕ್ಕದಲ್ಲಿ ಕೂತೆ. ಹೊರಗೆ ಯಾರೋ ಮೈಕಿನಲ್ಲಿ ಹಲೋ ಹಲೋ ಎಂದು ಪರೀಕ್ಷೆ ಮಾಡುತ್ತಿದ್ದರು.

ಮೈದುನನಿಗೆ ಫೋನ್ ಮಾಡಿದೆ. ಅವನು ಬರುವ ತನಕ ಬಾಯಿ ಬಿಟ್ಟು ಅಳುವ ಹಾಗಿರಲಿಲ್ಲ. ಹೆಣ್ಣಿನ ತಂದೆಗೆ ಮಾತ್ರ ಹೇಳಬೇಕೆನಿಸಿತು, ಹೋಗಿ ಹೇಳಿದೆ. ರೈತ ಮನುಷ್ಯ, ಹೊಸ ಪಟಗ ಸುತ್ತಿಕೊಂಡು ನಿಂತಿದ್ದ. ತಲೆಯಿಂದ ಪಟಗ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಕ್ಕಾ, ನಾ ಏನ್ ಮಾಡಲಿ ಹೇಳು. ಲಗ್ನಾ ಮುಂದ ಹಾಕಂದ್ರ ಹಾಕ್ತೀನಿ."

"ಬ್ಯಾಡಪಾ. ಅವ್ರು ಇದ್ದಿದ್ರ ಒಪ್ತಿದ್ದಿಲ್ಲ. ನಿಮ್ಮವ್ರಿಗೆ ಯಾರಿಗೂ ಗೊತ್ತಾಗೂದು ಬ್ಯಾಡ. ನಾವು ಹಿಂದಿನ ದಾರಿಲೆ ಹೋಗ್ತೀವಿ."

ಅವನು ಕೋಣೆಯ ಬಾಗಿಲ ತನಕ ಬಂದು, ಹೊರಗಿನಿಂದಲೇ ಕೈ ಮುಗಿದು, ಕಣ್ಣು ಒರೆಸಿಕೊಂಡು, ಮತ್ತೆ ಪಟಗ ಸುತ್ತಿಕೊಂಡು ಮಗಳ ಕೆಲಸಕ್ಕೆ ಹೋದ. ಮೈದುನ ತಂದ ಟೆಂಪೋವನ್ನು ಶೆಡ್ಡಿನ ಹಿಂದೆ, ಪಾತ್ರೆ ಇಳಿಸುವ ಕಡೆ ನಿಲ್ಲಿಸಿದರು. ಅಡುಗೆಯವರು ಕಾಯಿಪಲ್ಲೆ ಹೆಚ್ಚುವುದನ್ನು ಬಿಟ್ಟು ಎದ್ದು ನಿಂತರು. ನಾವು ಹೊಲದ ಬದುವಿನ ದಾರಿಯಿಂದ ಹೆದ್ದಾರಿ ಸೇರುವಾಗ ಗಂಡಿನವರ ಬಸ್ಸು ಹಾಡು ಹಚ್ಚಿಕೊಂಡು ಎದುರಿಗೆ ಬಂತು. ಡ್ರೈವರು ಅದಕ್ಕೆ ದಾರಿ ಬಿಟ್ಟ.

ಮುಡಬಿಯಲ್ಲಿ ಅವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂ ಹಾಕಿದರು. ನಾಲ್ಕು ಜನ ಎತ್ತುವ ಕಡೆ ಇಬ್ಬರೇ ಎತ್ತಿದರು. ಮಣ್ಣು ಹಾಕುವಾಗ ನಾನು ಆಚೆ ನೋಡುತ್ತಿದ್ದೆ.

ಆ ಹಂಗಾಮು ಮುಗಿಯುವ ತನಕ ಲಾನನ್ನು ನಾನೇ ನಡೆಸಿದೆ. ಜನ ಬರಲಿಲ್ಲ ಎಂದಲ್ಲ, ಬಂದರು. ಬಂದ ಹೆಂಗಸರು ನನ್ನನ್ನು ಕಂಡ ಕೂಡಲೇ ಮಾತು ತಗ್ಗಿಸುತ್ತಿದ್ದರು. ಮದುವೆಮನೆಯ ಬಾಗಿಲಲ್ಲಿ ಇಂಥವಳು ನಿಲ್ಲುವುದು ಯಾರಿಗೂ ಬೇಡ, ಬಾಯಿಬಿಟ್ಟು ಹೇಳುವುದೂ ಬೇಡ. ನಾನು ಶೆಡ್ಡಿನ ಹಿಂದೆ ಇರುವುದನ್ನು ಕಲಿತೆ. ಮಳೆ ಹಿಡಿದ ಮೇಲೆ ನಡೆಸುವುದನ್ನು ಮೈದುನನಿಗೆ ಬಿಟ್ಟು ಬಸವಕಲ್ಯಾಣದಲ್ಲಿ ಒಂದು ಮನೆ ಹಿಡಿದೆ. ಹೊಲಿಗೆ ಮಾಡುತ್ತೇನೆ. ಮೈದುನ ಕೆಟ್ಟವನಲ್ಲ, ತಿಂಗಳು ತಿಂಗಳು ತಾನೇ ಬಂದು ಮಾತಾಡಿಸಿ ಹೋಗುತ್ತಾನೆ. ನೀರು, ಕತ್ತರಿಸುವುದು, ಗೊಬ್ಬರ ಎಲ್ಲ ಅವನಿಗೆ ಬೇಸರವಾಗಿ ಹುಲ್ಲನ್ನು ಕಿತ್ತು ಹಾಕಿಸಿದ. ಅದರ ಮೇಲೆ ಹಸಿರು ಪ್ಲಾಸ್ಟಿಕ್ ಹುಲ್ಲಿನ ಹಾಸು ಹಾಸಿದ್ದಾನೆ. ಕೇಳಿಯೇ ಮಾಡಿದ. ನಾನು ಹೂಂ ಅಂದೆ. ಗಾಡಿಯನ್ನು ಹುಮನಾಬಾದಿನ ಮಿಸ್ತ್ರಿ ತೆಗೆದುಕೊಂಡು ಹೋದ. ಅದರ ಎಂಜಿನ್ನನ್ನು ಬೇರೆ ಏನಕ್ಕೋ ಕೂಡಿಸಿ, ಉಳಿದದ್ದನ್ನು ಗುಜರಿಗೆ ಹಾಕಿದನಂತೆ.

ಹೋದ ವರ್ಷ ದುಬಲಗುಂಡಿಯ ಆ ರೈತ ನನ್ನ ಮನೆ ಹುಡುಕಿಕೊಂಡು ಬಂದ. ಎರಡನೆಯ ಮಗಳ ಮದುವೆ, ಅದೇ ಲಾನಿನಲ್ಲಿ. "ಬರಬೇಕು ಅಕ್ಕಾ, ನೀ ಬರದಿದ್ರ ನನಗ ಸಮಾಧಾನ ಆಗಂಗಿಲ್ಲ," ಎಂದ. ಹೋಗಲೋ ಬೇಡವೋ ಎಂದು ಕಡೆಯ ತನಕ ಅನುಮಾನಿಸಿ, ಬಸ್ಸು ಹತ್ತಿ ಹೋದೆ. ಅಕ್ಷತೆ ಬೀಳುವ ತನಕ ಹೊರಗೆ ನಿಂತಿದ್ದೆ. ಆಮೇಲೆ ಊಟಕ್ಕೆ ಕೂತೆ. ಕಾಲ ಕೆಳಗಿನ ಹಾಸು ಬಿಸಿಲಿಗೆ ಕಾದು ಬಿಸಿಯಾಗಿತ್ತು, ರಬ್ಬರಿನ ವಾಸನೆ ಬರುತ್ತಿತ್ತು. ಬೇವಿನ ಮರ ಕಡಿದು ಅಲ್ಲಿ ಬಂದವರ ಕಾರು, ಬೈಕು ನಿಲ್ಲಿಸಲು ಜಾಗ ಮಾಡಿದ್ದರು.

ಪಕ್ಕದಲ್ಲಿ ಕೂತ ಹೆಂಗಸು ನನ್ನ ಕಡೆ ಹೋಳಿಗೆ ಸರಿಸುತ್ತ ಕೇಳಿದಳು: "ನೀವು ಯಾರ ಕಡೇವ್ರು ರೀ?"

"ಹೆಣ್ಣಿನ ಕಡೇವ್ರು," ಎಂದೆ.

ಅವಳು ಹೆಣ್ಣು ಚೆನ್ನಾಗಿದ್ದಾಳೆ ಎಂದಳು. ಹೌದು ಎಂದೆ. ಊಟ ಮುಗಿಸಿ, ಹೆಣ್ಣಿನ ಕೈಗೆ ಒಂದು ಕುಪ್ಪಸದ ಬಟ್ಟೆ ಕೊಟ್ಟು, ಬಸ್ಸಿಗಾಗಿ ರಸ್ತೆಯ ಆಚೆ ಬದಿಗೆ ಹೋಗಿ ನಿಂತೆ.